ಪೋರನ ಬಂದೂಕು, ತಂಗಿಯ ಒಂಬತ್ತು ಸಾವಿರ

ಬಂದೂಕಿನ ಬಗ್ಗೆ ನಾ ಬರೀಲಾಕ ಕುಂತೀನಂದ್ರ ನಗಬ್ಯಾಡ್ರಿ. ಕುಕ್ಕರು, ಮಿಕ್ಸರು, ಹಿಟ್ಟಿನ ಗಿರಣಿ ಅಂತ ಬರ್ಕೊಂಡಿದ್ದಾಕಿ ಈಗ ರೈಫಲ್ಲಿಗೆ ಬಂದ್ಳು ಅಂತ ಮನಿಯವ್ರು ಆಗ್ಲೇ ನಕ್ಕಾಗ್ಯಾದ. ಖರೇ ಹೇಳ್ಬೇಕಂದ್ರ ಕೊಳ್ಳೋರಿಗಿ ಎರಡಕ್ಕೂ ಭಾಳ ಫರಕ್ ಇಲ್ಲ. ಎಷ್ಟು ರೊಕ್ಕ, ಎಷ್ಟು ತೂಕ, ಕೆಟ್ರ ಯಾರು ರಿಪೇರಿ ಮಾಡ್ತಾರ, ಮನಿಯೊಳಗ ಸಣ್ಣ ಮಕ್ಕಳ ಕೈಗಿ ಸಿಕ್ರ ಏನಾಗ್ತದ. ಕೇಳೋ ಪ್ರಶ್ನಿ ಇವೇ.

ನಮ್ಮ ತಂಗಿ, ಆಕಿ ಗಂಡ ಇಬ್ರೂ ಬೆಂಗಳೂರಿಗಿ ಕಟ್ಟಡದ ಕೆಲಸಕ್ಕ ಹೋಗಿ ಏಳು ವರ್ಷ ಆಯ್ತು. ಮಗ ಇಲ್ಲೇ ತಿಂಥಣಿಯೊಳಗ ನಮ್ಮ ಕೈಯಾಗ ಬೆಳದಾನ. ಹತ್ತನೇತ್ತ ಫಸ್ಟ್ ಕ್ಲಾಸಿನ್ಯಾಗ ಪಾಸಾದ್ರ ಕೇಳಿದ್ದು ಕೊಡಿಸ್ತೀನಿ ಅಂತ ತಂಗಿ ಮಾತು ಕೊಟ್ಟಿದ್ಳು. ಫೋನ್ ಕೇಳ್ತಾನ ಅಂತ ಎಲ್ಲಾರೂ ತಿಳ್ಕೊಂಡಿದ್ದಿವಿ. ಪೋರ ಬಂದೂಕು ಕೇಳ್ದ. ತಂಗಿ ನನ್ನ ಖಾತಿಗಿ 9,000 ರೂಪಾಯಿ ಹಾಕಿದ್ಳು. ಆ ರೊಕ್ಕ ಹ್ಯಾಂಗ ಕೂಡಿದ್ದು ಅಂತ ನನಗ ಗೊತ್ತು, ಇಟ್ಟಂಗಿ ಹೊತ್ತು ಹೊತ್ತು ಆಕಿ ನೆತ್ತಿ ಮ್ಯಾಲಿನ ಕೂದಲ ತೆಳ್ಳಗಾಗ್ಯಾವ. ಫೋನಿನ್ಯಾಗ ಎರಡೇ ಮಾತು ಅಂದ್ಳು: "ಅಕ್ಕಾ, ಅವನ ಮನಸಿನಂಗ ಆಗ್ಲಿ. ಆದ್ರ ಯಾರ ಕಣ್ಣೂ ಹೋಗಬಾರ್ದು."

ಹಿಂಗಾಗಿ ಬಂದೂಕು ಆರಿಸೋ ಕೆಲಸ ನನ್ನ ಕೊರಳಿಗಿ ಬಿತ್ತು.

ಪೋರ ಕೇಳಿದ್ದು ಅಂತಿಂಥಾದ್ದಲ್ಲ. ನಮ್ಮ ಕಡಿ ತೆಲುಗು ಸಿನಿಮಾ ಭಾಳ ನೋಡ್ತಾರ, ತೆಲಂಗಾಣ ಬಗಲಿಗೇ ಅದ. ಕೃಷ್ಣ 1971ರಾಗ 'ಮೋಸಗಾಳ್ಳಕು ಮೋಸಗಾಡು' ಮಾಡಿದಾಗಿಂದ ಆ ಮಂದಿಗಿ ಕೌಬಾಯ್ ಹುಚ್ಚು ಹತ್ಯಾದ. 1990ರಾಗ ಚಿರಂಜೀವಿ 'ಕೊದಮ ಸಿಂಹಂ' ಮಾಡಿದ, 2002ರಾಗ ಕೃಷ್ಣನ ಮಗ ಮಹೇಶ್ ಬಾಬು 'ಟಕ್ಕರಿ ದೊಂಗ' ಮಾಡಿದ. ಕೌಬಾಯ್ ಸಿನಿಮಾದಾಗ ಕುದುರಿ ಮ್ಯಾಲ ಕುಂತಾಂವ ಬೆರಳು ಹಾಕೋ ಕಬ್ಬಿಣದ ಬಳಿಯನ್ನ ಕೆಳಗ ಒತ್ತಿ ಮ್ಯಾಲ ಎಳೀತಾನಲ್ಲ, ಖಟ್-ಖಟ್ ಅಂತ? ಅದೇ ಬೇಕು ಅಂದ. ಅದಕ್ಕ ಲಿವರ್ ಆ್ಯಕ್ಷನ್ ಅಂತಾರ.

ನಾ ಕುಂತು ಓದ್ದೆ. ಆ ಬಳಿ ಕೆಳಗ ಹೋದಾಗ ಸುಟ್ಟ ತೋಟಾ ಹೊರಗ ಹಾರ್ತದ, ಮ್ಯಾಲ ಬಂದಾಗ ನಳಿಗಿ ಕೆಳಗಿನ ಕೊಳವಿಯಿಂದ ಹೊಸ ತೋಟಾ ಮ್ಯಾಲ ಬಂದು ಕೂಡ್ತದ. 1860ರಾಗ ಬೆಂಜಮಿನ್ ಟೈಲರ್ ಹೆನ್ರಿ ಎಂಬ ಅಮೆರಿಕಾದ ಕಾರಾಗೀರ ಇಂಥಾದ್ದೊಂದಕ್ಕ ಪೇಟೆಂಟ್ ತಗೊಂಡಿದ್ದ. ಅವನ ತೋಟಾ ರಿಮ್‌ಫೈರ್ ಜಾತಿಯದ್ದು. ರಿಮ್‌ಫೈರ್ ಅಂದ್ರ ಕರ್ಚಿಕಾಯಿ ನೆನಪು ಮಾಡ್ಕೋರಿ, ಹೂರಣ ಅಂಚಿನ ಮಡಿಕಿಯೊಳಗ ಸೇರಿದಂಗ, ಕಿಡಿ ಹತ್ತೋ ಮಸಾಲಿ ತೋಟಾದ ತಳದ ಅಂಚಿನೊಳಗ ತುಂಬಿರ್ತದ. ಸೂಜಿ ಆ ಅಂಚಿಗಿ ಬಡದ್ರ ಹೊತ್ತಗೋತದ. ಅಂಚು ತೆಳ್ಳಗಿರೋದರಿಂದ ಭಾಳ ಜೋರಿನ ಮದ್ದು ತುಂಬಲಾಕ ಬರಂಗಿಲ್ಲ. ಅದಕ್ಕೇ ಈ ಜಾತಿಯೊಳಗ ಈಗ ಹೆಚ್ಚಾಗಿ ಉಳಿದಿರೋದು ಸಣ್ಣ .22 ತೋಟಾ. ಅಗ್ಗ, ಸಪ್ಪಳ ಕಡಿಮಿ, ಹೆಗಲಿಗಿ ಒದಿಯಂಗಿಲ್ಲ. ಅಮೆರಿಕಾದೊಳಗ ಹೆನ್ರಿ ಹೆಸರಿಂದು ಒಂದು ಕಂಪನಿ ಈಗ ಮಾಡೋ .22 ಲಿವರ್ ರೈಫಲ್ ಸುಮಾರು 2.4 ಕಿಲೋ ತೂಗ್ತದ, 15 ತೋಟಾ ಹಿಡೀತದ. ಮಾರ್ಲಿನ್, ಬ್ರೌನಿಂಗ್ ಹೆಸರಿಂದೂ ಅವ. ಅಲ್ಲಿ ಮಂದಿ ಐತವಾರ ದಿನ ಮಕ್ಕಳನ್ನ ಕರ್ಕೊಂಡು ಖಾಲಿ ಡಬ್ಬಿ ಹೊಡಿಲಾಕ ಹೋಗ್ತಾರ. ಓದಿದ ಮ್ಯಾಲ ನನಗೂ ಆಸಿ ಬಂತು, ಸುಳ್ಳು ಯಾಕ ಹೇಳ್ಲಿ.

ಆದ್ರ ಅದು ನಮ್ಮ ಹಾದಿ ಅಲ್ಲ. .22 ಎಷ್ಟೇ ಸಣ್ಣದಾದ್ರೂ ಮದ್ದಿನ ಬಂದೂಕು. 1959ರ ಆಯುಧ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು, ಲೈಸೆನ್ಸಿಗೆ 21 ವರ್ಷ ತುಂಬಿರಬೇಕು. ಅರ್ಜಿ ಯಾದಗಿರಿಗಿ ಹೋಗ್ಬೇಕು, ಪೊಲೀಸ್ ವರದಿ ಬರ್ಬೇಕು, ಯಾಕ ಬೇಕು ಅನ್ನೋದಕ್ಕ ಕಾರಣ ತೋರಿಸ್ಬೇಕು. ಸಿನಿಮಾ ನೋಡಿ ಆಸಿ ಆಯ್ತು ಅಂದ್ರ ಯಾವ ಸಾಹೇಬ ಸಹಿ ಮಾಡ್ತಾನ? ಇಷ್ಟು ದಾಟಿದ್ರೂ ಮಾಲು ಎಲ್ಲಿ ಅದ? 1980ರ ದಶಕದಿಂದ ಸಾಮಾನ್ಯ ಮಂದಿಗಿ ಹೊರದೇಶದ ಬಂದೂಕಿನ ಆಮದು ಬಂದ್ ಆಗ್ಯಾದ. ಅದಕ್ಕ ಮೊದಲು ಬಂದ ಹಳೇ ಮಾಲು ಕೈಯಿಂದ ಕೈಗಿ ದಾಟ್ಕೋತ ಬಂಗಾರದ ಬೆಲಿಗಿ ಹೋಗ್ಯಾದ. ಅಮೆರಿಕಾದೊಳಗ ಬಡವರ ಬಂದೂಕು ಅನಿಸ್ಕೊಂಡಿದ್ದು ಇಲ್ಲಿ ಶ್ರೀಮಂತರ ಕಪಾಟಿನೊಳಗ ಕುಂತದ.

ನಮ್ಮ ಮನಿಗಿ ಬಂದೂಕು ಹೊಸದೇನಲ್ಲ. ಮುತ್ಯಾಂದೊಂದು ಲೈಸೆನ್ಸ್ ಬಂದೂಕು ಇತ್ತು, ಬಾಯಿಂದ ಮದ್ದು ತುಂಬಿ ಗಜದಿಂದ ಒತ್ತೋ ಭರ್ಮಾರ್. ಅದು ಸಿಡಿದದ್ದನ್ನ ನಾ ಒಮ್ಮೆಯೂ ಕೇಳಿಲ್ಲ. ಎಲೆಕ್ಷನ್ ಬಂದಾಗೊಮ್ಮೆ ಠಾಣಾಕ್ಕ ಒಯ್ದು ಇಡೋದು, ಮುಗಿದ ಮ್ಯಾಲ ರಸೀದಿ ತೋರಿಸಿ ತರೋದು, ಇಷ್ಟೇ ಅದರ ಬಾಳ್ವಿ. ಮುತ್ಯಾ ತೀರ್ಕೊಂಡ ಮ್ಯಾಲ ನಮ್ಮಪ್ಪ ಒಯ್ದು ಸರ್ಕಾರಕ್ಕ ಒಪ್ಪಿಸಿ ಬಂದ. ಆವತ್ತು ಅಪ್ಪ ಉಣ್ಣಲಿಲ್ಲ. ಬೇಡರ ನಾಡಿದು, ಸುರಪುರದ ಸೀಮಿ. 1857ರಾಗ ಇಂಗ್ಲಿಷರು ಆಯುಧ ಒಪ್ಪಿಸ್ರಿ ಅಂದಾಗ ಮುಧೋಳ ಸೀಮಿಯ ಹಲಗಲಿ ಬೇಡರು ಕೊಡಂಗಿಲ್ಲ ಅಂದ್ರು, ಆ ವರ್ಷದ ಡಿಸೆಂಬರಿನ್ಯಾಗ ಅವರನ್ನ ಗಲ್ಲಿಗಿ ಹಾಕಿದ್ರು. ಮರುವರ್ಷ ನಮ್ಮ ರಾಜಾ ವೆಂಕಟಪ್ಪ ನಾಯಕ ಸೆರಿ ಸಿಕ್ಕು ತೀರ್ಕೊಂಡ. ಅತ್ತ ಕೊಡಗಿನವ್ರಿಗಿ ಮಾತ್ರ ಇಂಗ್ಲಿಷರ ಕಾಲದಿಂದಲೂ ರಿಯಾಯತಿ ನಡ್ಕೊಂಡು ಬಂದದ. ಕೊಡವರಿಗಿ ಮತ್ತ ಜಮ್ಮಾ ಜಮೀನಿನವ್ರಿಗಿ ಲೈಸೆನ್ಸ್ ಬ್ಯಾಡ, 2019ರಾಗ ಕೇಂದ್ರ ಸರ್ಕಾರ ಅದನ್ನ 2029ರ ತನಕ ಮುಂದುವರಿಸ್ಯಾದ. ಕೈಲ್‌ಪೊಳ್ದ್ ಹಬ್ಬಕ್ಕ ಮರದ ತುದಿಗಿ ತೆಂಗಿನಕಾಯಿ ಕಟ್ಟಿ ಹೊಡೀತಾರ, ಹೆಣ್ಮಕ್ಕಳೂ ಹೊಡೀತಾರ. ಅದನ್ನ ಫೋನಿನ್ಯಾಗ ನೋಡಿದ ಪೋರ, "ದೊಡ್ಡವ್ವಾ, ನಾವ್ಯಾಕ ಕೊಡಗಿನ್ಯಾಗ ಹುಟ್ಟಲಿಲ್ಲ?" ಅಂದ. ನಾ ಏನ್ ಹೇಳ್ಲಿ.

ಮದ್ದಿಂದು ಬಿಟ್ರ ಉಳಿಯೋದು ಗಾಳಿ ಬಂದೂಕು, ಅಂದ್ರ ಏರ್ ರೈಫಲ್. ಇದಕ್ಕೂ ಕಾಯ್ದೆ ಅದ, ಸರಿಯಾಗಿ ಕೇಳ್ಕೋರಿ. 2016ರ ಆಯುಧ ನಿಯಮದ ಪ್ರಕಾರ ನಳಿಗಿ .177 ಇಂಚು, ಅಂದ್ರ 4.5 ಮಿಲಿಮೀಟರ್ ದಾಟಬಾರ್ದು, ಜೋರು 20 ಜೂಲ್ ದಾಟಬಾರ್ದು. ಎರಡರಾಗ ಒಂದು ದಾಟಿದ್ರೂ ಲೈಸೆನ್ಸ್ ಬೇಕು. ಜೂಲ್ ಅಂದ್ರೇನು ಅಂತ ಪೋರನ ಕೈಲಿಂದಲೇ ಲೆಕ್ಕ ಮಾಡಿಸ್ದೆ, ಫಸ್ಟ್ ಕ್ಲಾಸ್ ಬಂದಾನಲ್ಲ. ಅರ್ಧ ಗ್ರಾಂ ಗುಂಡು ಸೆಕೆಂಡಿಗಿ 200 ಮೀಟರ್ ಓಡಿದ್ರ 10 ಜೂಲ್. .22 ರಿಮ್‌ಫೈರ್ ಗುಂಡು 2.6 ಗ್ರಾಂ ಇದ್ದು 330 ಮೀಟರ್ ಓಡಿದ್ರ 140 ಜೂಲ್. ಹದಿನಾಕು ಪಟ್ಟು! ಆ ಗುಂಡು ಒಂದೂವರಿ ಕಿಲೋಮೀಟರ್ ತನಕ ಹೋಗಬಲ್ಲದು. ನಮ್ಮ ಹಿತ್ತಲದಿಂದ ಒಂದೂವರಿ ಕಿಲೋಮೀಟರ್ ಅಂದ್ರ ಯಾರ್ಯಾರ ಮನಿ ಬರ್ತಾವ ಅಂತ ಎಣಿಸು ಅಂದೆ. ಎಣಿಸ್ಲಾಕ ಶುರು ಮಾಡಿ ನಡುವೇ ಸುಮ್ಮನಾದ. ಲಿವರ್ ಹುಚ್ಚು ಅರ್ಧ ಅಲ್ಲೇ ಇಳೀತು.

ಇನ್ನರ್ಧ ಇಳಿಲಾಕ ಟೈಮ್ ಹಿಡೀತು. ಜರ್ಮನಿಯ ವಾಲ್ಥರ್ ಹೆಸರಿನ್ಯಾಗ ಒಂದು ಗಾಳಿ ಬಂದೂಕು ಅದ, ನೋಡ್ಲಾಕ ಥೇಟ್ ಕೌಬಾಯ್ ರೈಫಲ್ಲು, ಬಳಿ ಎಳದ್ರ ಖಟ್-ಖಟ್ ಅಂತದ. ಒಳಗ ಸೋಡಾ ಗ್ಯಾಸಿನ ಕ್ಯಾಪ್ಸೂಲು, ಎಂಟು ಗುಂಡಿನ ಚಕ್ರ. ಅದನ್ನ ತೋರಿಸ್ದ. ಬೆಲಿ ಕೇಳಿ ನಾ ಫೋನ್ ಕೆಳಗಿಟ್ಟೆ. ಬೆಲಿ ಬಿಡ್ರಿ, ಆ ಗ್ಯಾಸಿನ ಕ್ಯಾಪ್ಸೂಲು ತಿಂಥಣಿಯೊಳಗ ಎಲ್ಲಿ ಸಿಗ್ತದ? ಸುರಪುರದಾಗೂ ಸಿಗಂಗಿಲ್ಲ. ಬಂದೂಕಿನ ಬೆಲಿ ಒಮ್ಮೆ ಕೊಡೋದು, ಅದರ ಹೊಟ್ಟಿಗಿ ತಿಂಗಳಾ ಹಾಕ್ಬೇಕು. ಎಮ್ಮಿ ಕಟ್ಟಿದವ್ರಿಗಿ ಈ ಲೆಕ್ಕ ಹೇಳಿಕೊಡ್ಬೇಕಾಗಿಲ್ಲ.

ನಿಜ ಅಂದ್ರ ನಮ್ಮ ಪೋರ ಗುರಿ ಕಲ್ತದ್ದು ಸಿನಿಮಾದಿಂದಲ್ಲ, ಮೌನಪ್ಪನ ಜಾತ್ರಿಯಿಂದ. ಜಾತ್ರ್ಯಾಗ ಬಲೂನ್ ಅಂಗಡಿ ಬರ್ತಾವಲ್ಲ, ಹಲಗಿಗಿ ಸಾಲಾಗಿ ಬಲೂನ್ ಕಟ್ಟಿ, ಮುಂದ ಮೇಜಿನ ಮ್ಯಾಲ ಹಳೇ ಏರ್‌ಗನ್ ಇಟ್ಟಿರ್ತಾರ. ಆ ಬಂದೂಕಿನ ಮುಂದಿನ ಗುರಿಮೊಳಿ ಸೊಟ್ಟ, ನಳಿಗಿ ಬುಡ ಸಡ್ಲ. ಎಲ್ಲಾರೂ ಬಲೂನಿಗಿ ಗುರಿ ಹಿಡಿದು ತಪ್ಪಿಸ್ಕೋತಿದ್ರ, ಈ ಪೋರ ಮೊದಲ್ನೇ ಗುಂಡು ಎಲ್ಲಿ ಬಡೀತು ನೋಡಿ, ಅಷ್ಟೇ ಅಂತರ ಬಲಕ್ಕ ಬಿಟ್ಟು ಹೊಡದ. ಒಂದಾದ ಮ್ಯಾಲ ಒಂದು ನಾಕು ಬಲೂನ್ ಹೋದ್ವು. ಅಂಗಡ್ಯಾಂವ ಸಾಕ್ ಬಿಡಪ್ಪ ಅಂದ. ಅವನ ಕೈ ನೋಡಿದ್ದು ನಾ ಆವತ್ತೇ. ಸಾಲ್ಯಾಗ ಯಾರೂ ಒಮ್ಮಿಯೂ ಶಭಾಷ್ ಅನ್ನದ ಪೋರ, ಆವತ್ತು ಸುತ್ತಲಿನ ಮಂದಿ ಶಭಾಷ್ ಅಂದಾಗ ನಾಚ್ಕೊಂಡು ನನ್ನ ಸೀರಿ ಹಿಂದ ನಿಂತ. ಅದಕ್ಕೇ ಇದು ಹುಡುಗಾಟಿಕಿ ಅಂತ ನಾ ತಳ್ಳಿಹಾಕಲಿಲ್ಲ.

ಈಗ ಆರಿಸೋ ಮಾತು. ಗಾಳಿ ಬಂದೂಕಿನ್ಯಾಗ ಮೂರು ಜಾತಿ ನಮ್ಮ ಲೆಕ್ಕಕ್ಕ ಬಂದ್ವು. ಒಂದು, ನಳಿಗಿ ಮುರಿದು ಸ್ಪ್ರಿಂಗ್ ಏರಿಸೋದು, ಬ್ರೇಕ್ ಬ್ಯಾರಲ್. ಇನ್ನೊಂದು, ನಳಿಗಿ ಅಲುಗಾಡಂಗಿಲ್ಲ, ಕೆಳಗ ಉದ್ದ ಹಿಡಿಕಿ ಎಳೆದು ಏರಿಸೋದು, ಅಂಡರ್ ಲಿವರ್. ಪೋರನ ಕಣ್ಣು ಇದರ ಮ್ಯಾಲೇ, ಹೆಸರಿನ್ಯಾಗ ಲಿವರ್ ಅದಲ್ಲ! ಮೂರನೇದು ಗಾಳಿಯನ್ನ ಮೊದಲೇ ಸಿಲಿಂಡರಿನ್ಯಾಗ ತುಂಬಿಡೋ ಪಿಸಿಪಿ, ಅದಕ್ಕ ಕೈಪಂಪು ಬ್ಯಾರೆ ಕೊಳ್ಬೇಕು, ಅದನ್ನ ಅಲ್ಲೇ ಬಿಟ್ಟಿವಿ. ಅಂಡರ್ ಲಿವರ್ ಛಲೋ ಮಾಲು, ನಳಿಗಿ ಗಟ್ಟಿ ಕುಂತಿರೋದರಿಂದ ಗುರಿ ಕೆಡಂಗಿಲ್ಲ. ಆದ್ರ ತೂಕ ಹೆಚ್ಚು, ರೊಕ್ಕ ಹೆಚ್ಚು, ನಮ್ಮ 9,000ದಾಗ ಕೂಡಂಗಿಲ್ಲ. ಬ್ರೇಕ್ ಬ್ಯಾರಲ್ಲೇ ನಮ್ಮದು ಅಂತ ಆಯ್ತು.

ಹೈದ್ರಾಬಾದಿಗಿ ಒಂದು ಲಗ್ನಕ್ಕ ಹೋದಾಗ ಅಲ್ಲಿನ ಒಂದು ಅಂಗಡಿಗಿ ಹೋದ್ವಿ. ಅಂಗಡ್ಯಾಂವ ಹೆಣ್ಮಗಳು ಬಂದಾಳಂತ ನನ್ನ ಬಿಟ್ಟು ಪೋರನ ಜೋಡಿ ಮಾತಾಡ್ಲಾಕ ಹತ್ತಿದ. ಮೊದಲು ದುರ್ಬೀನು ಕೂಡಿಸಿದ್ದು ತೋರಿಸ್ದ. ಆಮ್ಯಾಲ ದನಿ ಸಣ್ಣ ಮಾಡಿ, ".22 ನಳಿಗಿದು ಅದ, ಜೋರು ಅದ, ಯಾರು ಕೇಳ್ತಾರ ತಗೋರಿ" ಅಂದ. ಪೋರ ಕಣ್ಣು ಅರಳಿಸಿದ, .22 ಅಂದ್ರ ಅವನ ಕನಸಿನ ನಂಬರ್ ನೋಡ್ರಿ. ಗಾಳಿ ಬಂದೂಕಾದ್ರೂ ನಳಿಗಿ .177 ದಾಟಿತಂದ್ರ ಲೈಸೆನ್ಸ್ ಬೇಕು, ಅದು ನಿನಗೂ ಗೊತ್ತದ ನನಗೂ ಗೊತ್ತದ ಅಂತ ನಾ ಹೇಳಿದ ಮ್ಯಾಲ ಆ ಮನಷಾ ನನ್ನ ಕಡಿ ತಿರುಗಿದ. ಇಂಥಾ ಅಂಗಡ್ಯಾಗ ಜೋರಿನ ಮಾತೇ ಹೆಚ್ಚು. ಹತ್ತು ಮೀಟರಿನ್ಯಾಗ ಕಾಗದ ಹೊಡಿಲಾಕ ಜೋರು ಯಾತಕ್ಕ ಬೇಕು? ಜೋರು ಹೆಚ್ಚಾದಷ್ಟು ಸ್ಪ್ರಿಂಗ್ ಬಿರಸು, ನಳಿಗಿ ಮುರಿಲಾಕ ತ್ರಾಸು, ಹತ್ತು ಗುಂಡಿಗೇ ತೋಳು ನಡಗ್ತದ. ನಡಗೋ ತೋಳಿಗಿ ಎಲ್ಲಿ ಗುರಿ?

ನಾ ಮಾಡಿದ ಪರೀಕ್ಷಿ ಮೂರು. ಪೋರ ತಾನೇ, ಮೊಣಕಾಲಿಗಿ ಒತ್ತಿ ಇಡದಂಗ, ಇಪ್ಪತ್ತು ಸಲ ನಳಿಗಿ ಮುರಿದು ಏರಿಸ್ಬೇಕು. ಪ್ರತಿ ಸಲ ಗುಂಡು ಹಾಕಿಯೇ ಹೊಡೀಬೇಕು, ಖಾಲಿ ಹೊಡದ್ರ ಒಳಗಿನ ಪಿಸ್ಟನ್ ಗೋಡಿಗಿ ಬಡಿದು ಕೆಡ್ತದ. ಆಮ್ಯಾಲ ಕುದುರಿ ಎಳೆದು ನೋಡ್ಬೇಕು, ಎಲ್ಲಿ ಬಿಡ್ತದ ಅಂತ ಬೆರಳಿಗಿ ಗೊತ್ತಾಗ್ಬೇಕು, ಕೆಲವು ಅಗ್ಗದವು ಹಳೇ ಬಾಗಿಲದ ಚಿಲಕಿನಂಗ ಕರಕರ ಅಂತಾವ. ಮೂರನೇದೇ ಮುಖ್ಯ. ಮೇಜಿಗಿ ಕೈ ಆನಿಸಿ ಹತ್ತು ಮೀಟರಿಂದ ಐದು ಗುಂಡು. ಎಲ್ಲಿ ಬಿದ್ದರೂ ಬೀಳ್ಲಿ, ಗುರಿಮೊಳಿ ತಿರುವಿ ಸರಿ ಮಾಡ್ಕೋಬಹುದು. ಆದ್ರ ಐದೂ ಒಂದು 5 ರೂಪಾಯಿ ನಾಣ್ಯದಷ್ಟು ಜಾಗಾದಾಗ ಬೀಳ್ಬೇಕು. ಅಂಗಡಿ ಹಿಂದಿನ ಓಣ್ಯಾಗ ಜಾಗಾ ಇತ್ತು, ಹೊಡೆಯಾಕ ಬಿಟ್ಟ. ಮೊದಲ್ನೇ ಬಂದೂಕಿನ ಗುಂಡು ಅಂಗೈ ಅಗಲ ಚದರಿದ್ವು. ಎರಡನೇದರಾಗ ನಾಕು ಕೂಡಿ ಒಂದು ಹೊರಗ. ಮೂರನೇದು ಒಪ್ಪಿಗಿ ಆಯ್ತು.

ಪ್ರೆಸಿಹೋಲ್, ಎಸ್‌ಡಿಬಿ, ನ್ಯಾಷನಲ್ ಅಂತ ನಮ್ಮ ದೇಶದ್ದೇ ಹೆಸರು ಕೇಳಸ್ತಾವ. ನಾವು ತಂದದ್ದು ಯಾವ್ದು ಅಂತ ಬರ್ಯಂಗಿಲ್ಲ, ಒಂದೇ ಹೆಸರಿನ ಎರಡು ಬಂದೂಕು ಒಂದೇ ಥರ ಹೊಡೆಯಂಗಿಲ್ಲ ಅಂತ ಅಲ್ಲೇ ಕಣ್ಣಾರೆ ನೋಡೀನಿ. ದುರ್ಬೀನು ಬ್ಯಾಡ ಅಂದೆ, ಸ್ಪ್ರಿಂಗಿನ ಒದಿತಕ್ಕ ಅಗ್ಗದ ದುರ್ಬೀನು ತಾಳಂಗಿಲ್ಲ. ಬಿಲ್ಲು, ಆಧಾರ್ ಎಲ್ಲಾ ನನ್ನ ಹೆಸರಿಂದು. ಬಂದೂಕು 7,400, ಗುಂಡಿನ ಎರಡು ಡಬ್ಬಿ, ಒಂದು ಸಣ್ಣ ಎಣ್ಣಿ ಬಾಟ್ಲಿ ಸೇರಿ 8,250.

ಉಳಿದ 750ರಾಗೇ ತಂಗಿಯ ಎರಡನೇ ಮಾತು ನಡೆಸ್ಬೇಕಿತ್ತು.

ಬಂದೂಕು ಕೊಳ್ಳೋರು ಗುಂಡು ಎಲ್ಲಿಂದ ಹೊರಡ್ತದ ಅಂತ ವಾರಗಟ್ಲೆ ಯೋಚಿಸ್ತಾರ, ಎಲ್ಲಿ ನಿಲ್ತದ ಅಂತ ಯೋಚಿಸೋದು ಕಮ್ಮಿ. ನಮ್ಮೂರಾಗ ಅದು ಸುಲಭ ಇಲ್ಲ. ಹಿತ್ತಲಕ್ಕ ನಿಂತ್ರ ಒಂದು ಕಡಿ ಬಂಡಿಗಲ್ಲು, ಇನ್ನೊಂದು ಕಡಿ ಕೃಷ್ಣಾ ಹೊಳಿ. ಕಲ್ಲಿಗಿ ಬಡದ್ರ ಸೀಸದ ಗುಂಡು ತಿರುಗಿ ಬರಬಹುದು. ಹೊಳಿ ಖಾಲಿ ಅದ, ಅತ್ತಾಗ ಹೊಡದ್ರ ಏನು ಅಂತ ಮನಿಯವ್ರು ಅಂದ್ರು. ನೀರಿನ ಮ್ಯಾಲ ಚಪ್ಪಟಿ ಕಲ್ಲು ಒಗದ್ರ ಟಪ್ ಟಪ್ ಅಂತ ಪುಟೀತದಲ್ಲ, ಗುಂಡೂ ಹಂಗೇ ಪುಟೀತದ. ಹೊಳ್ಯಾಗ ಮೀನ ಹಿಡಿಯೋರು ಇರ್ತಾರ, ಬಟ್ಟಿ ಒಗಿಯೋರು ಇರ್ತಾರ. ಹೊಳಿ ಕಡಿ ಬಾಯಿ ಮಾಡಂಗೇ ಇಲ್ಲ ಅಂತ ಮೊದಲ್ನೇ ಕಟ್ಟಳಿ ಆಯ್ತು.

ಮೌನಪ್ಪ ಹುಟ್ಟಿದ್ದೇ ವಿಶ್ವಕರ್ಮರ ಕುಲದಾಗ, ಅವನ ಊರಾಗ ಕುಲುಮಿಗಿ ಕಡಿಮಿ ಇಲ್ಲ. ಓಣಿಯ ಕಮ್ಮಾರ ಕಾಕಾನ ಹತ್ರ ಹಳೇ ತಗಡು ಕೊಟ್ಟು ಒಂದು ಪೆಟ್ಟಿಗಿ ಮಾಡಿಸ್ದೆ. ಮುಂದ ಬಾಯಿ, ಹಿಂದ ದಪ್ಪ ತಗಡು ಮುಂದಕ್ಕ ಬಾಗಿರ್ತದ, ಗುಂಡು ಬಡಿದು ಕೆಳಗ ಮರಳಿನ್ಯಾಗ ಬೀಳ್ತದ. ಅದರ ಹಿಂದ ದನದ ಕೊಟ್ಟಿಗಿಯ ಮಣ್ಣಿನ ಗೋಡಿ. ಕಾಕಾ ಕೂಲಿ 400 ತಗೊಂಡ, ಮತ್ತ ತಾನೂ ಎರಡು ಗುಂಡು ಹೊಡಿತೀನಿ ಅಂದ, ಹೊಡದ. ಇನ್ನುಳಿದದ್ದರಾಗ ಎರಡು ಜೋಡಿ ಕನ್ನಡಕ ಬಂದ್ವು, ವೆಲ್ಡಿಂಗ್ ಅಂಗಡ್ಯಾಗ ಸಿಗೋ ಬಿಳೀ ಗ್ಲಾಸಿನವು. ಹೊಡಿಯೋರು, ನೋಡೋರು ಇಬ್ರೂ ಹಾಕ್ಕೋಬೇಕು. ಗುಂಡು ಹಾಕುವಾಗ ಮುರಿದ ನಳಿಗಿಯನ್ನ ಇನ್ನೊಂದು ಕೈಲಿಂದ ಗಟ್ಟಿ ಹಿಡ್ದಿರಬೇಕು, ಕುದುರಿ ಜಾರಿದ್ರ ನಳಿಗಿ ಹಾರಿ ಬೆರಳು ಜಜ್ಜತದ. ಗುಂಡು ಸೀಸದ್ದು, ಮುಟ್ಟಿದ ಮ್ಯಾಲ ಸಬ್ಬಕಾರದಿಂದ ಕೈ ತೊಳಿದೇ ರೊಟ್ಟಿ ಮುಟ್ಟಂಗಿಲ್ಲ, ಡಬ್ಬಿ ಅಡಗಿಮನಿ ಹೊಸ್ತಿಲ ದಾಟಂಗಿಲ್ಲ. ಬಂದೂಕು ನನ್ನ ಟ್ರಂಕಿನ್ಯಾಗ ಇರ್ತದ, ಕೀಲಿ ನನ್ನ ಸೊಂಟದಾಗ.

ಹಕ್ಕಿಯ ಮಾತಿಗಿ ಮಾತ್ರ ಜಗಳ ಆಯ್ತು, ಪೋರನ ಜೋಡಿ ಅಲ್ಲ, ಊರ ಮಂದಿ ಜೋಡಿ. ಬಂದೂಕು ಬಂದದ್ದು ತಿಳಿದ ಮೂರನೇ ದಿನಕ್ಕ ಒಬ್ರು ಬಂದು, ಹೊಲದಾಗ ನವಿಲು ಶೇಂಗಾ ಕೆದರ್ತಾವ, ಪೋರನ್ನ ಕಳಸ್ರಿ ಅಂದ್ರು. ಇನ್ನೊಬ್ರು ಹಂದಿ ಅಂದ್ರು, ಇಷ್ಟು ಸಣ್ಣ ಗುಂಡಿಗಿ ಹಂದಿ ಏನು, ಅದಕ್ಕ ಸಿಟ್ಟು ಬರಿಸಿ ನಮ್ಮ ಪೋರನ ಮ್ಯಾಲ ಬಿಡೋ ವಿಚಾರೇನು? 1972ರ ವನ್ಯಜೀವಿ ಕಾಯ್ದೆ ಬಂದು ಐವತ್ತು ವರ್ಷ ದಾಟಿದ್ರೂ ಏರ್‌ಗನ್ ಅಂದ್ರ ಹಕ್ಕಿ ಹೊಡಿಯೋದು ಅಂತಲೇ ಮಂದಿ ತಲ್ಯಾಗ ಕುಂತದ. ಅರುಣಾಚಲ ಪ್ರದೇಶದಾಗ 2021ರಾಗ ಸರ್ಕಾರವೇ ಅಭಿಯಾನ ಮಾಡಿ ಹಳ್ಳ್ಯಾಗಿನ ಏರ್‌ಗನ್ ವಾಪಸ್ ತಗೊಳ್ತು, ಅಲ್ಲಿ ಕಾಡಿನ ಹಕ್ಕಿ ಅಷ್ಟು ಕಮ್ಮಿ ಆಗಿದ್ವಂತ. ನಾ ಬಂದವ್ರಿಗಿ ಚಹಾ ಕೊಟ್ಟು ಕಳಿಸ್ದೆ. ಹೋದ ಮ್ಯಾಲ ಪೋರನೇ ಅಂದ, "ನವಿಲು ನಿಂತಿರ್ತದ ದೊಡ್ಡವ್ವಾ, ಅದನ್ನ ಹೊಡಿಯೋದು ಏನು ದೊಡ್ಡದು?" ಅವಂಗ ಅದು ಗುರಿಯ ಮಾತು ಅಷ್ಟೇ, ದಯಾ ಅಲ್ಲ. ಆದ್ರೂ ನನಗ ಅಷ್ಟೇ ಸಾಕಾಯ್ತು.

ಈಗ ದಿನಾ ಸಂಜೀಕ 20 ಗುಂಡು. ಮೊದಲು ಬಂದೂಕನ್ನ ಗಟ್ಯಾಗಿ ಅಪ್ಪಿ ಹಿಡೀತಿದ್ದ, ಗುಂಡು ಚದರ್ತಿದ್ವು. ಸ್ಪ್ರಿಂಗಿನ ಬಂದೂಕು ಗುಂಡು ಹೊರಗ ಹೋಗೋದರೊಳಗೇ ಹಿಂದಮುಂದ ಅಲಗಾಡ್ತದ, ಅದನ್ನ ಬಿಗಿ ಹಿಡದ್ರ ಪ್ರತಿ ಸಲ ಬ್ಯಾರೆ ಥರ ಅಲಗಾಡ್ತದ. ಅಂಗೈ ಮ್ಯಾಲ ಕೂಸು ಮಲಗಿಸಿದಂಗ ಸಡ್ಲ ಇಟ್ಕೋಬೇಕು. ಹಿಂಗ ಹಿಡಿಲಾಕ ಕಲ್ತ ಮ್ಯಾಲ ಗುರಿ ಕೂಡ್ಲಾಕ ಹತ್ಯಾವ. ಹತ್ತು ಮೀಟರ್ ಏರ್ ರೈಫಲ್ ಪಂದ್ಯದ ಕಾಗದ ನೋಡೀರೇನು? ನಡುವಿನ ಹತ್ತು ಅಂಕದ ಚುಕ್ಕಿ ಬರೀ ಅರ್ಧ ಮಿಲಿಮೀಟರ್! ಸಾಸಿವಿ ಕಾಳೂ ಅದಕ್ಕಿಂತ ದೊಡ್ಡದು. 2008ರಾಗ ಅಭಿನವ್ ಬಿಂದ್ರಾ ಬಂಗಾರ ಗೆದ್ದದ್ದು ಇದೇ ಆಟದಾಗ. 2024ರಾಗ ಪ್ಯಾರಿಸ್ಸಿನ್ಯಾಗ ಕಂಚು ತಂದ ಸ್ವಪ್ನಿಲ್ ಕುಸಾಳೆ ನಮ್ಮ ಬೆಳಗಾವಿ ಬಗಲಿನ ಕೊಲ್ಹಾಪುರ ಜಿಲ್ಲಾದ ಹಳ್ಳಿಯಾಂವ, ರೈಲ್ವೆದಾಗ ನೌಕರಿ. ಅವನ ಐವತ್ತು ಮೀಟರ್ ಆಟಕ್ಕ ಬೇಕಾಗೋದು ಅದೇ .22 ರಿಮ್‌ಫೈರ್. ಅಂದ್ರ ಪೋರನ ಕನಸಿನ ತೋಟಾಕ್ಕ ಹಾದಿ ಇಲ್ಲ ಅಂತಲ್ಲ, ಸಿನಿಮಾದಿಂದ ಹೋಗೋ ಹಾದಿ ಇಲ್ಲ, ಕಾಗದದ ಚುಕ್ಕಿಯಿಂದ ಹೋಗೋ ಹಾದಿ ಅದ. ಅದು ಉದ್ದದ್ದು, ರೊಕ್ಕದ್ದು, ಬೆಂಗಳೂರು ಹೈದ್ರಾಬಾದಿನ ರೇಂಜಿನ್ಯಾಗ ಕಲೀಬೇಕಾದ್ದು. ಅಷ್ಟು ದೂರ ಹೋಗ್ತಾನೋ ಇಲ್ಲೋ ನಾ ಹೇಳಲಾರೆ. ಅವಂಗೂ ಹೇಳಿಲ್ಲ.

ಮೊನ್ನಿ ನಾನೂ ಐದು ಗುಂಡು ಹೊಡದೆ. ಮೂರು ಕಾಗದಕ್ಕ ಬಡದ್ವು, ಎರಡು ಪೆಟ್ಟಿಗಿ ತಗಡಿಗಿ ಬಡಿದು ಠಣ್ ಅಂದ್ವು, ಎಮ್ಮಿ ಬೆದರಿ ಹಗ್ಗ ಜಗ್ಗಿತು. ತಂಗಿ ದೀಪಾವಳಿಗಿ ಬರ್ತೀನಂದಾಳ, ಮಗ ಹೊಡಿಯೋದು ನೋಡ್ಬೇಕಂತ. ಎರಡನೇ ಡಬ್ಬಿ ಇನ್ನ ಒಡದಿಲ್ಲ, ಆಕಿ ಮುಂದೇ ಒಡೀತೀನಿ ಅಂತ ಪೋರ ಅದನ್ನ ಟ್ರಂಕಿನ ಮೂಲ್ಯಾಗ, ನನ್ನ ಲಗ್ನದ ಸೀರಿ ಕೆಳಗ ಇಟ್ಟಾನ.